ಅಕಿಹಬಾರಾದಲ್ಲಿ ನಾನು ಕೇಳಿಸಿಕೊಂಡ ಇಲ್ಲದ ಸದ್ದು

ಭಾನುವಾರ, ತಳೇಗಾಂವದ ಟೋಲ್ ನಾಕಾ

ಜಪಾನಿಗೆ ಹೋಗುವ ಆಸೆ ನನ್ನದಲ್ಲ, ಮಗಳು ವಿಭಾಳದು. ನಾನು ಹೊರಟದ್ದು ಅವಳ ಚೀಲ ಹೊರಲಿಕ್ಕೆ ಮತ್ತು ಅವಳಿಗೆ ಯಾರೂ ಮೋಸ ಮಾಡದಂತೆ ನೋಡಿಕೊಳ್ಳಲಿಕ್ಕೆ. ಎರಡನೆಯ ಕೆಲಸಕ್ಕೆ ನನಗಿಂತ ತಕ್ಕವರು ಸಿಗಲಾರರು. ಗದಗದಿಂದ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನಲ್ಲಿ ಇನ್ನೊಬ್ಬರ ಅಂಗಡಿಯ ಚೀಲಗಳ ಮೇಲೆ ಹೆಸರು ಬರೆಯುತ್ತ ಶುರುಮಾಡಿ, ಇವತ್ತು ಸ್ವಂತ ಹೆಸರಿನಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರ ನಡೆಸುತ್ತಿದ್ದೇನೆ. ನಾನು ಕಲಿತ ವಿದ್ಯೆ ಒಂದೇ. ಕೊಳ್ಳುವ ಮಾಲಿನಲ್ಲಿ ಕುಂದು ಹುಡುಕಬೇಕು, ಸಿಗದಿದ್ದರೆ ಹುಟ್ಟಿಸಬೇಕು. ಮಾರುವ ಮಾಲಿನ ಕುಂದಿನ ಬಗ್ಗೆ ತುಟಿ ಬಿಚ್ಚಬಾರದು.

ವಿಭಾಳ ವಿದ್ಯೆ ಬೇರೆ. ಪುಣೆಯ ಕೋಥರೂಡದ ನಮ್ಮ ವಸತಿ ಸೊಸೈಟಿಯಲ್ಲಿ ಮೇಲಿನ ಮನೆಯವರ ಬಳಿ ಅಂಗೈಯಗಲದ ಒಂದು ಜಪಾನಿ ವಿಡಿಯೊ ಗೇಮಿತ್ತು. ಸಣ್ಣದೊಂದು ನೌಕೆಯನ್ನು, ಇರುವಷ್ಟೇ ಇಂಧನದಲ್ಲಿ, ಒಂದಾದ ಮೇಲೊಂದು ಗ್ರಹದ ಮೇಲೆ ಮೆಲ್ಲಗೆ ಇಳಿಸುವ ಆಟ. ಆಕೆ ಶಾಲೆಯಿಂದ ಬಂದವಳೇ ಮೆಟ್ಟಿಲು ಹತ್ತುತ್ತಿದ್ದಳು. ಆಮೇಲೆ ಆಕಾಶನೌಕೆ, ರೋಬೋ, ದೂರದ ಗ್ರಹಗಳ ಜಪಾನಿ ಕಾರ್ಟೂನುಗಳು ಹಿಡಿದವು. ಆಮೇಲೆ ಡಿಪ್ಲೊಮಾ. ಈಗ ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನಲ್ಲಿ ಕೂರುತ್ತಾಳೆ. ನಿಜವಾದ ರಾಕೆಟ್ಟಿಗೆ ಹೋಗುವ, ಹೆಬ್ಬೆರಳಿನ ಉಗುರಿನಷ್ಟು ಉಕ್ಕಿನ ತುಂಡುಗಳನ್ನು ಅಳೆದು ನೋಡಿ ಸಹಿ ಹಾಕುವ ಕೆಲಸ. ಇಂಧನ ಹರಿಯುವ ವಾಲ್ವಿನ ಒಳಗೆ ಅದು ಕೂರುತ್ತದಂತೆ.

ಮುಂಬಯಿಯಲ್ಲಿ ವಿಮಾನ. ಮಧ್ಯಾಹ್ನ ಕಾರು ತಳೇಗಾಂವದ ಟೋಲ್ ನಾಕಾದಲ್ಲಿ ನಿಂತಾಗ ಅವಳು ಕಾರ್ಖಾನೆಯ ದಿಕ್ಕಿಗೆ ಬೆನ್ನು ಮಾಡಿ ಕೂತಳು.

‘ಅಪ್ಪಾ, ಒಂದು ಮಾತು ಹೇಳೂದದ. ಬೈಬ್ಯಾಡ್ರಿ.’

‘ಪಾಸ್‌ಪೋರ್ಟ್ ಮನ್ಯಾಗ ಬಿಟ್ಟು ಬಂದಿ?’

‘ಅಲ್ಲ. ಅದಕ್ಕಿಂತ ಭಾಳ ದೊಡ್ಡದು.’

ಹೇಳಿದಳು. ಶನಿವಾರ, ರಜೆಗೆ ಮುಂಚಿನ ಕೊನೆಯ ದಿನ, ಅವಸರದಲ್ಲಿ ಅವಳ ಕೈಯಿಂದ ಮೈಕ್ರೋಮೀಟರ್ ಜಾರಿ ನೆಲಕ್ಕೆ ಬಿತ್ತು. ಕೂದಲಿನ ದಪ್ಪವನ್ನೂ ಅಳೆಯುವ ಉಪಕರಣ ಅದು. ಬಿದ್ದರೆ ಅದಕ್ಕೆ ಕೆಂಪು ಚೀಟಿ ಕಟ್ಟಿ ಪರೀಕ್ಷೆಗೆ ಕಳಿಸಬೇಕು, ಕಾರ್ಖಾನೆಯ ನಿಯಮ. ಇವಳು ಒರೆಸಿ, ಅದರಲ್ಲೇ ಉಳಿದ ಇಪ್ಪತ್ತೆರಡು ತುಂಡು ಅಳೆದು, ಸಹಿ ಹಾಕಿ ಮನೆಗೆ ಬಂದಿದ್ದಳು. ಆ ತುಂಡುಗಳು ಶುಕ್ರವಾರ ಗಾಡಿ ಹತ್ತುತ್ತವೆ. ನಾವು ವಾಪಸು ಬರುವುದು ಮುಂದಿನ ಭಾನುವಾರ.

‘ಬಿದ್ದದ್ದು ಯಾರರ ನೋಡ್ಯಾರೇನು?’ ಅಂತ ಕೇಳಿದೆ.

‘ಇಲ್ಲ.’

‘ತುಂಡು ಕೆಟ್ಟಾವೇನು?’

‘ಅಳತಿ ಮಾಡೂದs ಸರಿ ಅದನೋ ಇಲ್ಲೋ ಗೊತ್ತಿಲ್ಲ. ತುಂಡಿಂದು ಹೆಂಗ ಹೇಳ್ಲಿ?’

‘ಗೊತ್ತಿಲ್ಲ ಅಂದ್ರ ಕೆಟ್ಟಿಲ್ಲ ಅಂತನs ತಿಳ್ಕೊ. ನಮ್ಮ ಮಾಲು ಕೆಟ್ಟದ ಅಂತ ನಾವs ಒದರಿಕೋತ ಹೋಗಬಾರದು. ಕೊಂಡವ ನೋಡ್ಕೋತಾನ.’

‘ಕೊಂಡವ ಮ್ಯಾಲ ಹಾರಿ ಹೋದ ಮ್ಯಾಲ ನೋಡ್ಕೋತಾನೇನ್ರಿ ಅಪ್ಪಾ?’

‘ನೀ ಸುಮ್ಮನಿರು, ಬಂದ ಮ್ಯಾಲ ನೋಡೂಣು’ ಅಂದೆ. ಅವಳು ಸುಮ್ಮನಾದಳು. ನನ್ನ ಮಾತು ಅವಳು ಕೇಳುವುದು ಅಪರೂಪ. ಅದನ್ನು ಆಗಲೇ ಗಮನಿಸಬೇಕಿತ್ತು.

ಸೋಮವಾರ, ಟೋಕಿಯೊ

ಹೋಗುವವರಿಗೆ ಮೊದಲ ಸಲಹೆ. ಕರವಸ್ತ್ರ ಎರಡು ಇಟ್ಟುಕೊಳ್ಳಿ. ಅಲ್ಲಿಯ ಶೌಚಾಲಯ ನಮ್ಮ ದೇವರ ಕೋಣೆಗಿಂತ ಚೊಕ್ಕಟ, ಆದರೆ ಕೈ ಒರೆಸಲು ಎಷ್ಟೋ ಕಡೆ ಏನೂ ಇರುವುದಿಲ್ಲ. ಎರಡನೆಯದು, ಬೀದಿಯಲ್ಲಿ ಕಸದ ಡಬ್ಬಿ ಇಲ್ಲ. ನಾನು ತಿಂದ ಬಾಳೆಹಣ್ಣಿನ ಸಿಪ್ಪೆಯನ್ನು ಅರ್ಧ ದಿನ ಕೋಟಿನ ಜೇಬಿನಲ್ಲಿ ಹೊತ್ತು ತಿರುಗಿದೆ. ಡಬ್ಬಿ ಇಲ್ಲ, ಆದರೂ ಕಸವಿಲ್ಲ. ನಮ್ಮ ಯಾರ್ಡಿನಲ್ಲಿ ಹೆಜ್ಜೆಗೊಂದು ಡಬ್ಬಿ ಇಟ್ಟಿದ್ದಾರೆ, ಜನ ಅದಕ್ಕೆ ಒರಗಿ ನಿಂತು ಕೆಳಗೆ ಉಗಿಯುತ್ತಾರೆ.

ಮೂರನೆಯದು, ಭಾಷೆ. ವಿಭಾಳಿಗೆ ಜಪಾನಿ ಬರುತ್ತದೆ ಎಂಬ ಧೈರ್ಯದಲ್ಲೇ ನಾನು ಹೊರಟಿದ್ದೆ. ಹೋಟೆಲಿನ ಕೌಂಟರಿನ ಮುಂದೆ ನಿಂತು ಅವಳು ಗಟ್ಟಿಯಾಗಿ ಒಂದು ವಾಕ್ಯ ಹೇಳಿದಳು. ಕೌಂಟರಿನ ಹಿಂದಿನ ಹುಡುಗಿ ಚಕ್ಕನೆ ನೆಟ್ಟಗೆ ನಿಂತಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು.

‘ಏನಂದಿವಾ ಆಕಿಗೆ?’

‘ರೂಮು ಬೇಕು ಅಂದೆ. ಆದ್ರ ನನ್ನ ಜಪಾನಿ ಎಲ್ಲಾ ಕಾರ್ಟೂನಿನ ನೌಕಾಪತಿಗಳಿಂದ ಕಲ್ತದ್ದು ನೋಡ್ರಿ. ನಾ ಅಂದದ್ದು, “ನಮ್ಮ ದಂಡು ಬಂದಿಳಿದಿದೆ, ಕೋಣೆ ಸಿದ್ಧವಾಗಲಿ” ಅಂದಂಗ ಆಗೇದಂತ.’

ಮರುದಿನದಿಂದ ಆ ಹುಡುಗಿ ಪ್ರತಿ ಬೆಳಿಗ್ಗೆ ವಿಭಾಳಿಗೆ ಗಂಭೀರವಾಗಿ ಸೆಲ್ಯೂಟ್ ಹೊಡೆದು ಕಳಿಸುತ್ತಿದ್ದಳು. ಹಿಂದೆ ಚೀಲ ಹೊತ್ತು ಬರುವ ನನಗೆ ಬರೀ ನಮಸ್ಕಾರ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಸ್ಯಾಹಾರಿಗಳು ಶೇಂಗಾ ಚಟ್ನಿಪುಡಿ ಒಯ್ಯಿರಿ, ಅಲ್ಲಿಯ ಅನ್ನ ಚೆನ್ನಾಗಿದೆ, ಅವೆರಡೂ ಕೂಡಿಬರುತ್ತವೆ. ಅವರ ಮೆಣಸಿನಪುಡಿಯನ್ನು ಮೂಸಿ ನೋಡಿದೆ. ಹೆಸರಿಗೆ ಮೆಣಸಿನಪುಡಿ, ಅದರೊಳಗೆ ಕಿತ್ತಳೆ ಸಿಪ್ಪೆಯಿಂದ ಎಳ್ಳಿನ ತನಕ ಎಲ್ಲ ಇದೆ, ಖಾರವೊಂದು ಬಿಟ್ಟು.

ಮಂಗಳವಾರ ಸಂಜೆ ಕಾರ್ಟೂನಿನ ಒಂದು ರೋಬೋವನ್ನು ನೋಡಲು ಹೋದೆವು. ಆರು ಮಹಡಿಯ ಕಟ್ಟಡದೆತ್ತರ ಅದು. ಗಂಟೆ ಹೊಡೆದಾಗ ಕಣ್ಣಿನಲ್ಲಿ ದೀಪ ಹತ್ತಿ, ತಲೆ ಎತ್ತಿತು. ಆಫೀಸು ಬಿಟ್ಟು ಬಂದ ಟೈ ಕಟ್ಟಿದ ಗಂಡಸರು ಮಕ್ಕಳಂತೆ ಬಾಯಿ ಬಿಟ್ಟು ನಿಂತಿದ್ದರು. ಯಾರೂ ನಾಚಿಕೊಳ್ಳಲಿಲ್ಲ. ವಿಭಾ ಇಂಥದ್ದಕ್ಕಾಗಿ ಹತ್ತು ವರ್ಷ ಕಾದವಳು. ಆದರೆ ಅವಳ ಕಣ್ಣು ರೋಬೋದ ಮುಖದ ಮೇಲಿರಲಿಲ್ಲ, ಮೊಣಕಾಲಿನ ಬೋಲ್ಟುಗಳ ಮೇಲಿತ್ತು.

‘ಶುಕ್ರವಾರದ ಗಾಡಿ ಮುಂಜಾನೆ ಹೊಂಡತದ ಅಪ್ಪಾ’ ಅಂದಳು.

‘ರೋಬೋ ನೋಡು’ ಅಂದೆ.

ಬುಧವಾರ, ಸಗಾಮಿಹಾರಾ

ಬಾಹ್ಯಾಕಾಶದ ಒಂದು ಪ್ರದರ್ಶನಾಲಯವಿದೆ ಎಂದು ರೈಲಿನಲ್ಲಿ ಹೊರಟೆವು. ಮೊದಲ ಬೋಗಿಯಲ್ಲಿ ನಿಲ್ಲಿ, ಇದೂ ನನ್ನ ಸಲಹೆ. ಗಾಜಿನಾಚೆ ಚಾಲಕ ಕಾಣುತ್ತಾನೆ. ನಮ್ಮ ಚಾಲಕ ಬಿಳಿ ಕೈಗವಸು ಹಾಕಿಕೊಂಡು ಒಬ್ಬನೇ ಕೂತಿದ್ದ. ಸಿಗ್ನಲ್ ಬಂದಾಗಲೆಲ್ಲ ಅದರತ್ತ ಬೆರಳು ಚಾಚಿ ಏನೋ ಗಟ್ಟಿಯಾಗಿ ಹೇಳುತ್ತಿದ್ದ. ಗಡಿಯಾರದತ್ತ ಬೆರಳು, ಮತ್ತೆ ಮಾತು.

‘ತಲಿ ಕೆಟ್ಟದೇನು ಇವಂದು? ಯಾರ ಜೋಡಿ ಮಾತಾಡ್ತಾನ?’

‘ತನ್ನ ಜೋಡಿ. ಕಂಡದ್ದನ್ನ ಬೆರಳು ಮಾಡಿ ತೋರಿಸಿ, ಬಾಯಿಲೆ ಹೇಳಬೇಕು. ಹಂಗ ಮಾಡಿದ್ರ ಮನಸ್ಸು ಜಾರೂದಿಲ್ಲ ಅಂತ.’

‘ಹೇಳದಿದ್ರ ಯಾರು ನೋಡ್ತಾರ?’

ಚಾಲಕ ಮುಂದಿನ ಸಿಗ್ನಲಿಗೂ ಬೆರಳು ಚಾಚಿದ. ನಾನು ಪುಣೆಯ ಸಿಟಿ ಬಸ್ಸಿನ ಚಾಲಕರನ್ನು ನೆನೆದೆ. ಅವರೂ ಬೆರಳು ಚಾಚಿ ಗಟ್ಟಿಯಾಗಿ ಮಾತಾಡುತ್ತಾರೆ, ಎದುರು ಬಂದ ಸ್ಕೂಟರಿನವರಿಗೆ.

ಪ್ರದರ್ಶನಾಲಯ ಚಿಕ್ಕದು, ನಮ್ಮ ಸೊಸೈಟಿಯ ಸಭಾಂಗಣದಷ್ಟು. ನಡುವೆ ಒಂದು ನೌಕೆಯ ಪೂರ್ಣ ಗಾತ್ರದ ಮಾದರಿ. ಇಂಥದೊಂದು ನೌಕೆ ಸೂರ್ಯನ ಸುತ್ತ ಅಲೆಯುವ ಒಂದು ಬಂಡೆಯ ತನಕ ಹೋಗಿ, ಅದರ ಮಣ್ಣು ಮುಟ್ಟಿ ಬಂದಿತಂತೆ. ಸಿಕ್ಕಿದ್ದೆಷ್ಟು ಎಂದು ನೋಡಿದರೆ ಕಣ್ಣಿಗೂ ಕಾಣದ ಕಣಗಳು. ನಾವು ಮೆಣಸಿನಕಾಯಿ ಚೀಲದೊಳಗೆ ಮೊಳಕೈ ತನಕ ಕೈ ಹಾಕಿ ತಳದ ಮಾಲು ಎತ್ತಿ ನೋಡುತ್ತೇವೆ. ಇವರದೂ ಅದೇ ಕೆಲಸ, ಕೈ ಮಾತ್ರ ಉದ್ದ.

ವಿವರಿಸಲು ಒಬ್ಬ ನಿವೃತ್ತ ಅಜ್ಜಿ ಇದ್ದರು. ನಮ್ಮನ್ನು ಕಂಡು ಖುಷಿಯಾಗಿ, ಮಗಳ ನೌಕಾಪತಿಯ ಜಪಾನಿಗೆ ನಕ್ಕು, ನಿಧಾನವಾಗಿ ಹೇಳಿದರು. ವಿಭಾ ನನಗೆ ದಾಟಿಸಿದಳು. ಆ ನೌಕೆ ದಾರಿಯಲ್ಲಿ ಕೆಟ್ಟಿತ್ತು. ವಾರಗಟ್ಟಲೆ ಸಂಪರ್ಕವೇ ಇರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಎಂಜಿನ್‌ಗಳು ಕೈಕೊಟ್ಟವು. ಆಗ ಕೆಟ್ಟ ಒಂದು ಎಂಜಿನ್ನಿನ ಅರ್ಧ, ಕೆಟ್ಟ ಇನ್ನೊಂದರ ಅರ್ಧ ಕೂಡಿಸಿ, ಭೂಮಿಯಿಂದಲೇ ನಡೆಸಿ ತಂದರು. ಮಣ್ಣಿನ ಡಬ್ಬಿಯನ್ನು ಕೆಳಗೆ ಬಿಟ್ಟು ನೌಕೆ ಆಕಾಶದಲ್ಲೇ ಉರಿದುಹೋಯಿತು.

‘ಭಲೇ! ಇದ್ದದ್ದರಾಗ ಹೊಂದಿಸಿ ನಡಸೂದು, ಜುಗಾಡ್ ಅಂದ್ರ ಇದು!’ ಎಂದೆ. ಇಡೀ ಪ್ರವಾಸದಲ್ಲಿ ಜಪಾನಿಗಳ ಬಗ್ಗೆ ನನಗೆ ಮೊದಲ ಸಲ ಬಂಧುತ್ವ ಹುಟ್ಟಿತ್ತು.

‘ಜುಗಾಡ್ ಅಲ್ರಿ ಅಪ್ಪಾ’ ಅಂದಳು ವಿಭಾ. ‘ಯಾವ ಅರ್ಧ ಕೆಟ್ಟದ, ಯಾವ ಅರ್ಧ ಛಲೋ ಅದ ಅಂತ ಅವರಿಗೆ ಖಚಿತ ಗೊತ್ತಿತ್ತು. ಅದಕ್ಕs ಮನಿಗೆ ಬಂತು.’

ನಾವಿಬ್ಬರೂ ಏನು ಮಾತಾಡಿದೆವೆಂದು ಅಜ್ಜಿ ಕೇಳಿದರು. ವಿಭಾ ಅನುವಾದಿಸಲಿಲ್ಲ. ಮಾದರಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತಳು. ನಾನು ಹೊರಗೆ ಬೆಂಚಿನ ಮೇಲೆ ಕೂತು ಚಟ್ನಿಪುಡಿ ಅನ್ನ ತಿಂದೆ. ರುಚಿಸಲಿಲ್ಲ.

ಗುರುವಾರ, ಅಕಿಹಬಾರಾ

ವಿಡಿಯೊ ಗೇಮು, ಕಾರ್ಟೂನು, ಬೊಂಬೆಗಳ ಪೇಟೆ ಇದು. ಪುಣೆಯ ತುಳಸಿಬಾಗ ಪೇಟೆಯ ಗದ್ದಲವನ್ನು ನೆಟ್ಟಗೆ ನಿಲ್ಲಿಸಿ ಮಹಡಿಯ ಮೇಲೆ ಮಹಡಿ ಜೋಡಿಸಿದಂತೆ. ಇಕ್ಕಟ್ಟಿನ ಮೆಟ್ಟಿಲು ಹತ್ತಿ ನಾಲ್ಕನೆಯ ಮಹಡಿಯ ಒಂದು ಹಳೇ ಸಾಮಾನಿನ ಅಂಗಡಿ ಹೊಕ್ಕೆವು. ಅಂಗಡಿಯವರು ಒಬ್ಬ ಮುದುಕರು, ಕಣ್ಣಿಗೆ ಕನ್ನಡಕ, ಹಣೆಗೆ ಇನ್ನೊಂದು ಕನ್ನಡಕ. ಅಂಗಡಿಯ ತುಂಬ ಹಳೇ ಆಟದ ಯಂತ್ರಗಳು. ಪ್ರತಿಯೊಂದಕ್ಕೂ ಒಂದು ಚೀಟಿ, ಚೀಟಿಯ ತುಂಬ ಬರಹ.

‘ಇಷ್ಟೇನು ಹೊಗಳಿ ಬರದಾರ?’

‘ಹೊಗಳಿಲ್ರಿ. ಬಲಕ್ಕೊಂದು ಗೀರು ಅದ, ಮುಚ್ಚಳ ಸ್ವಲ್ಪ ಹಳದಿ ಆಗೇದ, ಮೊದಲಿನ ಮಾಲಕರು ಹಿಂದ ಹೆಸರು ಬರದಾರ... ಎಲ್ಲಾ ಕುಂದs ಬರದಾರ.’

ನಾನು ಆ ಮುದುಕರನ್ನು ಕರುಣೆಯಿಂದ ನೋಡಿದೆ. ಇಂಥವರ ಬಳಿ ಚೌಕಾಸಿ ಮಾಡುವುದು ಮಗುವಿನ ಕೈಯಿಂದ ಪೆಪ್ಪರಮಿಂಟು ತೆಗೆದುಕೊಂಡಂತೆ.

ಅಷ್ಟರಲ್ಲಿ ವಿಭಾ ‘ಅಪ್ಪಾ!’ ಎಂದಳು. ಅದೇ, ಮೇಲಿನ ಮನೆಯವರ ಆಟ. ಅದೇ ಅಂಗೈಯಗಲದ ಯಂತ್ರ. ಮುದುಕರು ಹಾಕಿ ತೋರಿಸಿದರು. ನೌಕೆ ಬೂದು ಗ್ರಹದ ಮೇಲೆ ಇಳಿಯಿತು. ನಾಲ್ಕು ದಿನದಲ್ಲಿ ಮೊದಲ ಸಲ ನನ್ನ ಮಗಳ ಮುಖ ಅರಳಿತ್ತು. ಕೊಡಿಸಲೇಬೇಕು ಎಂದುಕೊಂಡೆ. ಆದರೆ ಕೊಡಿಸಬೇಕೆಂದುಕೊಂಡದ್ದನ್ನು ಮುಖದ ಮೇಲೆ ತೋರಿಸುವವನು ವ್ಯಾಪಾರಿಯಲ್ಲ. ಯಂತ್ರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಮುಖ ಸೊಟ್ಟ ಮಾಡಿದೆ.

‘ಒಳಗ ಏನೋ ಗಲಗಲ ಅಂತದ ಅಂತ ಹೇಳು.’

‘ಏನೂ ಅನ್ನವಲ್ದು.’

‘ಹೇಳವ್ವಾ ನೀ.’

ಅವಳು ಹೇಳಿದಳು. ಮುದುಕರು ನಗಲಿಲ್ಲ, ವಾದಿಸಲಿಲ್ಲ, ‘ತಗೊಳ್ರಿ, ನಿಮ್ಮ ಮಾತಿರಲಿ’ ಎಂದು ಬೆಲೆ ಇಳಿಸಲೂ ಇಲ್ಲ. ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು. ಹಣೆಯ ಕನ್ನಡಕ ಕಣ್ಣಿಗಿಳಿಸಿ, ಬಟ್ಟೆ ಹಾಸಿ, ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಬಿಚ್ಚಿದರು. ಒಂದೊಂದು ಸ್ಕ್ರೂವನ್ನೂ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ದೀಪ ಹಿಡಿದು ನೋಡಿದರು. ಎಲ್ಲ ಮುಚ್ಚಿ ಕಿವಿಗೆ ಹಿಡಿದರು. ಮತ್ತೆ ಬಿಚ್ಚಿದರು. ಅರ್ಧ ಗಂಟೆ. ಆಮೇಲೆ ಅದನ್ನು ಹಿಂದಿನ ಕಪಾಟಿಗೆ ಇಟ್ಟು ಮತ್ತೆ ಬಗ್ಗಿದರು.

‘ಏನಂತಾರ?’

‘ಗಿರಾಕಿಗೆ ಸದ್ದು ಕೇಳೇದ. ತಮಗ ಅದು ಸಿಗವಲ್ದು. ಅದು ಸಿಗೂ ತನಕ ಮಾರೂದಿಲ್ಲಂತ.’

‘ಅಯ್ಯ, ಇದ್ದಂಗ ಕೊಡು ಅನ್ನು. ಚೀಟಿ ಮ್ಯಾಲಿನ ಬೆಲಿಗೇ ತಗೋತೀನಿ ಅನ್ನು.’

‘ಕೊಡೂದಿಲ್ಲಂತ.’

‘ಹಂಗಾರ ಸದ್ದು ಇಲ್ಲ ಅಂತ ಹೇಳು!’

ವಿಭಾ ಕೈ ಕಟ್ಟಿದಳು. ‘ನಾ ಹೇಳಂಗಿಲ್ಲ. ಸುಳ್ಳು ನಿಮ್ಮದು, ನೀವs ಹೇಳ್ರಿ.’

ಜಪಾನಿ ಬರದ ನಾನು ಏನು ಮಾಡಲಿ? ಕಪಾಟಿನತ್ತ ತೋರಿಸಿದೆ. ಕೈ ಆಡಿಸಿ ‘ಏನೂ ಇಲ್ಲ’ ಎಂದೆ. ಕೊನೆಗೆ, ತಪ್ಪಾಯಿತು ಎಂದು ಎರಡೂ ಕಿವಿ ಹಿಡಿದುಕೊಂಡೆ. ಮುದುಕರ ಮುಖ ಕಳವಳಗೊಂಡಿತು. ಈ ಮನುಷ್ಯನಿಗೆ ಆ ಸದ್ದು ಈಗ ಎರಡೂ ಕಿವಿಯಲ್ಲಿ ಕೇಳುತ್ತಿದೆ ಎಂದುಕೊಂಡರು. ಯಂತ್ರವನ್ನು ಕಪಾಟಿನಿಂದ ತೆಗೆದು, ಇನ್ನೂ ಒಳಗಿನ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದರು.

ವಿಭಾ ನಕ್ಕಳು. ಬಗ್ಗಿ, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಮುಖ ಒರೆಸಿಕೊಂಡು, ನೆಟ್ಟಗೆ ನಿಂತು, ತನ್ನ ನೌಕಾಪತಿಯ ಭಾಷೆಯಲ್ಲಿ ಮುದುಕರಿಗೆ ಎಲ್ಲ ಹೇಳಿದಳು. ಅವರು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು. ಒಂದು ದಿನ ಪೂರ್ತಿ ನಡೆಸಿ ನೋಡುತ್ತೇನೆ, ಶನಿವಾರ ಬನ್ನಿ ಎಂದರಂತೆ.

ಮೆಟ್ಟಿಲಲ್ಲಿ ಎರಡನೆಯ ಮಹಡಿಗೆ ಬಂದಾಗ ಅವಳು ನಿಂತಳು. ಮಧ್ಯಾಹ್ನ ಹನ್ನೆರಡೂವರೆ, ಪುಣೆಯಲ್ಲಿ ಬೆಳಗಿನ ಒಂಬತ್ತು. ಫೋನು ತೆಗೆದಳು.

‘ಕಾರ್ಖಾನ್ಯಾಗ ನಮ್ಮ ದೇಶಮುಖ ಸಾಹೇಬ್ರು ಈಗ ಬಂದಿರ್ತಾರ. ಅಪ್ಪಾ, ತಡೀಬ್ಯಾಡ್ರಿ.’

ತಡೆಯುವ ಮುಖ ನನಗೆಲ್ಲಿತ್ತು? ‘ಮಾಡವ್ವಾ’ ಅಂದೆ.

ಮರಾಠಿಯಲ್ಲಿ ಹೇಳಿದಳು. ಬಿದ್ದದ್ದು, ಒರೆಸಿದ್ದು, ಎಷ್ಟನೆಯ ತುಂಡಿನಿಂದ ಎಷ್ಟನೆಯದರ ತನಕ ಎಂಬುದು. ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು. ‘ಆತ್ತಾ ಸಾಂಗತೇಸ?’ ಈಗ ಹೇಳ್ತೀಯಾ? ಆಮೇಲೆ ಅವರು ಯಾರನ್ನೋ ಕೂಗಿ, ಗಾಡಿಗೆ ಏರಿಸಬೇಡಿ, ಪೆಟ್ಟಿಗೆ ಒಳಗೆ ತನ್ನಿ ಎನ್ನುತ್ತಿದ್ದರು.

ಶನಿವಾರ, ಮತ್ತೆ ಅಕಿಹಬಾರಾ

ಬೆಳಿಗ್ಗೆ ಹೋಟೆಲಿಗೇ ದೇಶಮುಖ ಸಾಹೇಬರ ಫೋನು ಬಂತು. ಮೈಕ್ರೋಮೀಟರ್ ಸರಿಯಾಗಿಯೇ ಇತ್ತು. ಇಪ್ಪತ್ತೆರಡನ್ನೂ ಬೇರೆ ಉಪಕರಣದಿಂದ ಅಳೆದರು, ಎಲ್ಲವೂ ಸರಿ. ಗಾಡಿ ಒಂದು ದಿನ ತಡವಾಗಿ, ಇವತ್ತು ಹೊರಡಲಿದೆ. ವಿಭಾಳನ್ನು ಆರು ತಿಂಗಳು ತಪಾಸಣೆಯ ಮೇಜಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ.

‘ಎಲ್ಲಾ ಸರಿ ಇದ್ದ ಮ್ಯಾಲ ಯಾಕ ಈ ಸಜಾ?’ ಅಂದೆ. ನನಗೆ ಉರಿದುಹೋಗಿತ್ತು.

‘ತುಂಡು ಕೆಟ್ಟಾವ ಅಂತ ಅಲ್ರಿ. ನಾ ಸುಮ್ಮನಿದ್ದೆ ಅಂತ.’

‘ನಾ ಹೇಳಿದ್ದಕ್ಕ ಸುಮ್ಮನಿದ್ದಿ. ಅದನ್ನ ಹೇಳಿಲ್ಲೇನು ಅವರಿಗೆ?’

‘ಸಹಿ ನಂದಲ್ಲೇನ್ರಿ ಅಪ್ಪಾ?’

ಮಧ್ಯಾಹ್ನ ಮುದುಕರ ಅಂಗಡಿಗೆ ಹೋದೆವು. ಆಟದ ಯಂತ್ರ ಸಿದ್ಧವಿತ್ತು. ಚೀಟಿಯಲ್ಲಿ ಹೊಸ ಸಾಲೊಂದು ಸೇರಿತ್ತು, ವಿಭಾ ಓದಿದಳು. ‘ಗಿರಾಕಿಯೊಬ್ಬರು ಸದ್ದು ಕೇಳಿದೆ ಎಂದರು, ಆಮೇಲೆ ಇಲ್ಲ ಎಂದರು. ನಮಗೆ ಕೇಳಿಸಿಲ್ಲ.’ ಆ ಸಾಲು ಸೇರಿದ್ದಕ್ಕಾಗಿ ಮುದುಕರು ತಾವೇ ಬೆಲೆ ಇಳಿಸಿದ್ದರು. ಸಂಶಯವಿರುವ ಮಾಲಿಗೆ ಪೂರ್ತಿ ಬೆಲೆ ತಗೊಳ್ಳಬಾರದಂತೆ.

ನನ್ನ ಸುಳ್ಳು ಕೆಲಸ ಮಾಡಿತ್ತು. ನಾನು ಮೊದಲಿನ ಬೆಲೆಯನ್ನೇ ಎಣಿಸಿ ಇಟ್ಟೆ. ಅವರು ಹೆಚ್ಚಿನದನ್ನು ಹಿಂದಕ್ಕೆ ಸರಿಸಿದರು. ನಾನು ಮುಂದಕ್ಕೆ ದೂಡಿದೆ. ಅವರು ಬಗ್ಗಿ ಹಿಂದಕ್ಕೆ ಸರಿಸಿದರು. ಮೂವತ್ತು ವರ್ಷದಲ್ಲಿ ಕೊಳ್ಳುವವನಾಗಿ ಬೆಲೆ ಏರಿಸಲು ನಾನು ಚೌಕಾಸಿ ಮಾಡಿದ್ದು ಅದೊಂದೇ ಸಲ, ಮತ್ತು ಸೋತೆ. ಹೋಗುವವರಿಗೆ ಸಲಹೆ, ಅಲ್ಲಿ ಏನನ್ನೂ ಕಿವಿಗೆ ಹಿಡಿದು ಅಲ್ಲಾಡಿಸಬೇಡಿ.

ಸೋಮವಾರ, ತಳೇಗಾಂವ

ಪ್ರವಾಸ ಕಥನ ವಿಮಾನ ನಿಲ್ದಾಣದಲ್ಲಿ ಮುಗಿಯಬೇಕು. ಇದು ಮುಗಿಯಲಿಲ್ಲ. ಸೋಮವಾರ ವಿಭಾ ಕಂಪನಿಯ ಬಸ್ಸಿಗೆ ಹೊರಟಾಗ ನಾನೇ ಕಾರು ತೆಗೆದೆ.

‘ನೀವು ಗೇಟಿನಾಚೆ ಚಹಾ ಕುಡೀರಿ, ಒಳಗ ಬರಬ್ಯಾಡ್ರಿ’ ಎಂದು ದಾರಿಯುದ್ದಕ್ಕೂ ಹೇಳಿದಳು. ನಿಜ ಹೇಳಬೇಕೆಂದರೆ ಆರನ್ನು ಮೂರು ತಿಂಗಳಿಗೆ ಇಳಿಸುವ ಮಾತುಗಳನ್ನೆಲ್ಲ ನಾನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

ದೇಶಮುಖ ಸಾಹೇಬರು ಗೇಟಿನ ಪಕ್ಕದ ಕೋಣೆಯಲ್ಲೇ ಸಿಕ್ಕರು. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಮೂರು ಪೆನ್ನು. ನಾನು ಜೋಡಿಸಿದ್ದ ಮಾತು ಒಂದೂ ಹೊರಬರಲಿಲ್ಲ. ಬಂದದ್ದು ಬೇರೆ. ‘ಸಾಹೇಬ, ತೀ ಸಾಂಗಣಾರ ಹೋತೀ. ಮೀಚ ಗಪ್ಪ ಬಸ್ ಮ್ಹಣಾಲೋ.’ ಅವಳು ಹೇಳುವವಳಿದ್ದಳು, ಸುಮ್ಮನಿರು ಅಂದವನು ನಾನು.

ಅವರು ನನ್ನನ್ನೂ ವಿಭಾಳನ್ನೂ ನೋಡಿದರು. ವಿಭಾಳ ವಿವರಣೆಯ ಕಾಗದ ಮೇಜಿನ ಮೇಲೇ ಇತ್ತು. ಅದನ್ನು ತಿರುಗಿಸಿ ಪೆನ್ನಿನ ಸಮೇತ ನನ್ನ ಮುಂದಿಟ್ಟರು. ‘ಮಗ ತುಮ್ಹೀಹೀ ಲಿಹೂನ ದ್ಯಾ.’ ಹಾಗಾದರೆ ನೀವೂ ಬರೆದುಕೊಡಿ.

ನನಗೆ ಆಗಲೂ ಒಂದು ಆಸೆ. ‘ಲಿಹಿಲಂ ತರ ಸಹಾ ಮಹಿನೇ...’ ಎಂದೆ. ಬರೆದರೆ ಆ ಆರು ತಿಂಗಳು...

‘ಸಹಾಚ’ ಎಂದರು. ಆರೇ.

ಬರೆದೆ. ಮಗಳು ಈ ವಿಷಯವನ್ನು ನನಗೆ ಮೊದಲೇ ತಿಳಿಸಿದ್ದಳು, ನನ್ನ ಮಾತು ಕೇಳಿ ಒಂದೆರಡು ದಿನ ತಡಮಾಡಿದಳು, ತಪ್ಪು ನನ್ನದು. ವಿಭಾ ಭುಜದ ಹಿಂದಿನಿಂದ ಬಗ್ಗಿ ಓದಿದಳು.

‘ಒಂದೆರಡಲ್ಲ ಅಪ್ಪಾ’ ಎಂದಳು ಮೆಲ್ಲಗೆ. ‘ಭಾನುವಾರದಿಂದ ಗುರುವಾರ. ನಾಕು.’

‘ಒಂದೆರಡು’ ಹೊಡೆದುಹಾಕಿ ‘ನಾಲ್ಕು’ ಎಂದು ಬರೆದೆ. ಕಾಗದ ವಾಪಸು ಕೊಟ್ಟರೆ ಸಾಹೇಬರು ತೆಗೆದುಕೊಳ್ಳಲಿಲ್ಲ. ತಿದ್ದಿದ ಜಾಗದ ಮೇಲೆ ಬೆರಳಿಟ್ಟು ತೋರಿಸಿದರು. ಅಲ್ಲಿಯೂ ಒಂದು ಸಹಿ ಬೇಕಂತೆ. ಹಾಕಿದೆ.